ತೋರಿಸಬೇಡವೆಂದ ಸಾಲು

"ಎಲ್ಲಿದೆಯಮ್ಮಾ? ನನಗೆ ಕಾಣ್ತಾನೇ ಇಲ್ವಲ್ಲ" ಎನ್ನುತ್ತ ಮೇಷ್ಟ್ರು ಮೂಗು ಪರದೆಗೆ ತಾಗುವಷ್ಟು ಮುಂದಕ್ಕೆ ಬಗ್ಗಿದರು.

ಅವರ ಬೆನ್ನ ಹಿಂದೆ ದೊಡ್ಡ ಎಂಜಿನಿಯರು ಒಂದು ಹಾಳೆ ಹಿಡಿದು ನಿಂತಿದ್ದರು. ಸರ್ವರಿನಿಂದ ತೆಗೆಸಿದ ದಾಖಲೆ. ನಿನ್ನೆ, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಂಪ್ಯೂಟರಿನ ಲೆಕ್ಕದ ನೋಟ್‌ಬುಕ್ಕು ಎಚ್ಚರಿಕೆ ಕೊಟ್ಟಿತ್ತು: ನೀರಿನ ಬಗ್ಗಡ ಅಳೆಯುವ ಮೀಟರು ಸುಮ್ಮನಾಗಿದೆ, ಹಿಂದಿನ ದಿನದ ಅಂಕಿಯನ್ನೇ ಇವತ್ತಿಗೂ ಹಾಕಿಕೊಳ್ಳಲಾಗಿದೆ. ಅದಾದ ಐದು ನಿಮಿಷಕ್ಕೆ ಮೇಷ್ಟ್ರು, ಬಗ್ಗಡ ತಳಕ್ಕಿಳಿಸಲು ನೀರಿಗೆ ಹಾಕುವ ಆಲಂನ ಆ ದಿನದ ಪ್ರಮಾಣಕ್ಕೆ ಸಹಿ ಹಾಕಿದ್ದರು. ಹೊಳೆಗೆ ಆ ಬೆಳಗಿನ ಜಾವವೇ ಕೆಂಪು ನೀರು ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಬೀದಿಗಳ ನಲ್ಲಿಗಳಲ್ಲಿ ಬಗ್ಗಡ ಸುರಿಯಿತು. ಯಾರಿಗೂ ಏನೂ ಆಗಲಿಲ್ಲ. ನೀರು ಕುದಿಸಿ ಕುಡಿಯಿರಿ ಎಂದು ಧ್ವನಿವರ್ಧಕ ಕಟ್ಟಿಕೊಂಡು ಒಂದು ವ್ಯಾನು ಸುತ್ತಿತು, ಅಷ್ಟೇ.

"ಯಂತ್ರ ಹೇಳಿದೆ ಮೇಷ್ಟ್ರೇ. ನೀವು ನೋಡಿಲ್ಲ."

"ನೋಡಿದೆ ಸ್ವಾಮಿ. ಎರಡೆರಡು ಸಲ ನೋಡಿದೆ."

"ಹಾಗಾದ್ರೆ ನಿಮಗೆ ಕಂಡಿಲ್ಲ." ಎಂಜಿನಿಯರು ಕೂಗಾಡಿದ್ದರೆ ವಾಸಿಯಿತ್ತು, ಅವರು ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. "ಇನ್ನು ಐದೇ ತಿಂಗಳು ನಿಮ್ಮ ಸರ್ವೀಸು. ಕಣ್ಣು ತೋರಿಸ್ಕೊಂಡು ಸರ್ಟಿಫಿಕೇಟ್ ತಗೊಂಬನ್ನಿ. ಅಲ್ಲೀವರೆಗೆ ನಾನೇ ಸಹಿ ಹಾಕ್ತೀನಿ." ಆಮೇಲೆ ಪಕ್ಕದ ಮೇಜಿನ ಕಡೆ ತಿರುಗಿ, "ಏನಾಯ್ತು ಅಂತ ಒಂದು ವರದಿ ಬರೀಮ್ಮ ನೀನು. ಶುಕ್ರವಾರ ಮೇಲಿನವರಿಗೆ ಕಳಿಸ್ಬೇಕು" ಎಂದರು.

ಪಕ್ಕದ ಮೇಜಿನಲ್ಲಿ ಕೂತಿದ್ದವಳು ತಲೆಯಾಡಿಸಿದಳು. ಹಾಳೆಯ ಮೇಲಿನ ಮೊದಲ ಸಾಲು ಕಂಡಾಗಲೇ ಅವಳಿಗೆ ವಿಷಯ ತಿಳಿದುಹೋಗಿತ್ತು. ಬಾಯಿ ತೆರೆಯಲಿಲ್ಲ.

ನೀರು ಶುದ್ಧ ಮಾಡುವ ಆ ಸ್ಥಾವರದಲ್ಲಿ ಹಿರಿಯ ರಸಾಯನಶಾಸ್ತ್ರಜ್ಞರನ್ನು ಯಾರೂ ಸರ್ ಎನ್ನುತ್ತಿರಲಿಲ್ಲ. ಗೇಟಿನ ಕಾವಲುಗಾರನಿಗೂ ಕ್ಲೋರಿನ್ ಏಕೆ ವಾಸನೆ ಬರುತ್ತದೆಂದು ಚಿತ್ರ ಬರೆದು ಹೇಳುವ ಮನುಷ್ಯ; ಹಾಗಾಗಿ ಮೇಷ್ಟ್ರು. ಅವಳು ನಾಲ್ಕು ವರ್ಷದ ಹಿಂದೆ ಸಂಖ್ಯಾಶಾಸ್ತ್ರದ ಪದವಿ ಹಿಡಿದು ಬಂದವಳು. ದಿನಾ ಬೆಳಿಗ್ಗೆ ಮೀಟರುಗಳ ಅಂಕಿ ತೆಗೆದುಕೊಂಡು ಎಷ್ಟು ಆಲಂ, ಎಷ್ಟು ಕ್ಲೋರಿನ್ ಎಂದು ಹೇಳುವ ನೋಟ್‌ಬುಕ್ಕು ಅವಳ ಕೈಯದೇ. ಒಂದು ತುಂಡು ಕೋಡು, ಅದರ ಕೆಳಗೆ ಅದರ ಉತ್ತರ, ಮತ್ತೊಂದು ತುಂಡು, ಮತ್ತೊಂದು ಉತ್ತರ. ಉದ್ದಕ್ಕೆ ಸರಿಸಿಕೊಂಡು ಹೋದರೆ ಆವತ್ತಿನ ನೀರಿನ ಕಥೆ ಪೂರ್ತಿ ಓದಬಹುದಿತ್ತು.

ಹತ್ತು ತಿಂಗಳ ಹಿಂದೆ ಅವಳ ಗಂಡ ತೀರಿಕೊಂಡ. ಎರಡು ವಾರ ಬಿಟ್ಟು ಕೆಲಸಕ್ಕೆ ಬಂದಾಗ ನೋಟ್‌ಬುಕ್ಕಿನ ಬಿಳಿ ಪುಟ ಕಣ್ಣಿಗೆ ಚುಚ್ಚಿತು. ಮೊದಲು ಹಿನ್ನೆಲೆಯನ್ನು ಒದ್ದೆ ಸ್ಲೇಟಿನ ಬಣ್ಣಕ್ಕೆ ತಿರುಗಿಸಿದಳು. ಅಕ್ಷರಗಳನ್ನು ದಪ್ಪ ಮಾಡಿದಳು, ಬಿಳುಪು ಇಳಿಸಿ ಹಳೆಯ ಕಾಗದದ ಬಣ್ಣ ಕೊಟ್ಟಳು. ಕೋಡನ್ನು ಮಡಚಿಟ್ಟು ಉತ್ತರಗಳನ್ನಷ್ಟೇ ಉಳಿಸಿದಳು. ಅಂಕಿಗಳು ಬಲಕ್ಕೆ ಸಾಲಾಗಿ ನಿಲ್ಲಬೇಕು, ತುಂಡು ತುಂಡಿನ ನಡುವೆ ಕೂದಲೆಳೆಯಂಥ ಗೆರೆ ಇರಬೇಕು, ಅಂಚಿನಲ್ಲಿ ಇಷ್ಟು ಜಾಗ, ಇಲ್ಲ, ಇನ್ನೂ ಸ್ವಲ್ಪ. ಇದನ್ನೆಲ್ಲ ಬರೆದಿಡುವ ಸ್ಟೈಲ್ ಫೈಲು ದಿನದಿಂದ ದಿನಕ್ಕೆ ಬೆಳೆಯಿತು. ಮೂರು ವಾರ ಅವಳು ಮಾಡಿದ್ದು ಇದೊಂದೇ ಕೆಲಸ.

ನೀರಿನ ಮಾದರಿ ತರುವ ಹೆಂಗಸನ್ನು ಎಲ್ಲರೂ ಬಾಟ್ಲಿ ಅಕ್ಕ ಎಂದೇ ಕರೆಯುತ್ತಿದ್ದರು. ಆಕೆ ಒಂದು ದಿನ ಬಾಟಲಿಗಳ ಬುಟ್ಟಿ ಸೊಂಟಕ್ಕೇರಿಸಿಕೊಂಡೇ ನಿಂತು ನೋಡಿ, "ಏನೇ, ಕಂಪ್ಯೂಟರಿಗೆ ಸುಣ್ಣಬಣ್ಣ ಹೊಡೀತಿದೀಯಾ? ಮುಗಿದ ಮೇಲೆ ನಮ್ಮನೆ ಅಡುಗೆಮನೆ ಗೋಡೆಗೂ ಒಂದು ಕೈ ಹಚ್ಚಿಕೊಡು" ಎಂದಿದ್ದಳು. ತಮಾಷೆ ಮಾಡಿದಳೇ ಹೊರತು ತಡೆಯಲಿಲ್ಲ. ಯಾರೂ ತಡೆಯಲಿಲ್ಲ.

ಉಳಿದದ್ದು ಗುಲಾಬಿ ಪೆಟ್ಟಿಗೆಗಳು. ಕೋಡಿನಲ್ಲಿ ಏನಾದರೂ ಅನುಮಾನ ಬಂದರೆ ನೋಟ್‌ಬುಕ್ಕು ಉತ್ತರದ ಕೆಳಗೆ ಗುಲಾಬಿ ಬಣ್ಣದ ಪೆಟ್ಟಿಗೆಯೊಳಗೆ ಎಚ್ಚರಿಕೆ ಬರೆಯುತ್ತಿತ್ತು. ಮುಕ್ಕಾಲು ಪಾಲು ತಲೆಬುಡವಿಲ್ಲದವು: ಈ ವಿಧಾನ ಮುಂದೆ ಇರುವುದಿಲ್ಲ, ಆ ಕಾಲಂ ಖಾಲಿಯಿದೆ. ಬೆಳಗಾದರೆ ಹತ್ತು ಸಲ ಯಾರೋ ಗದರಿದ ಹಾಗೆ. ಒಂದು ಸಂಜೆ ಅವಳು ಸ್ಟೈಲ್ ಫೈಲಿನ ಕೊನೆಗೆ, ಇಂಥ ಪೆಟ್ಟಿಗೆಗಳನ್ನು ತೋರಿಸಬೇಡ ಎನ್ನುವ ಒಂದು ಸಾಲು ಸೇರಿಸಿದಳು. ಪುಟ ನಿಶ್ಶಬ್ದವಾಯಿತು. ಆವತ್ತು ಬಹಳ ದಿನಗಳ ಮೇಲೆ ಅವಳ ಭುಜಗಳು ತುಸು ಕೆಳಗಿಳಿದವು.

ಮೀಟರು ನಿಂತರೆ ಹೇಳುವ ಎಚ್ಚರಿಕೆಯೂ ಅದೇ ಪೆಟ್ಟಿಗೆಯಲ್ಲಿ ಬರುತ್ತದೆಂಬುದು ಅವಳಿಗೆ ನೆನಪಾಗಲಿಲ್ಲ. ಅದನ್ನು ಬರೆದವಳೂ ಅವಳೇ, ಅದರ ಹಿಂದಿನ ವರ್ಷ.

ಮಾರನೆಯ ದಿನ ಮೇಷ್ಟ್ರು ಇಣುಕಿ ನೋಡಿ, "ಅಬ್ಬಬ್ಬ, ಎಷ್ಟು ತಣ್ಣಗಿದೆ ನಿನ್ನ ಪುಟ! ನನಗೂ ಹಾಕ್ಕೊಡು ತಾಯಿ. ನನ್ನದು ಕಣ್ಣಿಗೆ ಖಾರದ ಪುಡಿ ಎರಚಿದ ಹಾಗಿರುತ್ತೆ" ಎಂದರು. ಫೈಲನ್ನು ಅವರ ಯಂತ್ರಕ್ಕೂ ನಕಲು ಮಾಡಿಕೊಟ್ಟಳು.

ಬುಧವಾರ ಮೇಷ್ಟ್ರು ಬರಲಿಲ್ಲ. ಗುರುವಾರ ಬೆಳಿಗ್ಗೆ ಬಂದರು, ಮುಖ ಸಣ್ಣದಾಗಿತ್ತು. ಬಾಟ್ಲಿ ಅಕ್ಕ ಬಿಡಲಿಲ್ಲ. "ಏನಂದ್ರು ಡಾಕ್ಟ್ರು?"

"ಅಕ್ಷರ ಓದ್ಸಿದ್ರು. ಹೋದ ವರ್ಷದ ಹಾಗೇ ಇದೆ ಅಂದ್ರು."

"ಮತ್ತೆ? ಒಳ್ಳೇದೇ ಆಯ್ತಲ್ಲ!"

"ಒಳ್ಳೇದೇನು ಬಂತು? ಕಣ್ಣು ಸರಿಯಿದ್ದೂ ಎದುರಿಗಿದ್ದದ್ದು ಕಂಡಿಲ್ಲ ಅಂದ್ರೆ ತೊಂದರೆ ಹಿಂದೆ ಇರಬಹುದು ಅಂದ್ರು." ಮೇಷ್ಟ್ರು ಬೆರಳಿನಿಂದ ತಲೆಯ ಹಿಂಭಾಗ ಮುಟ್ಟಿ ತೋರಿಸಿದರು. "ಮಿದುಳಿನ ಫೋಟೋ ತೆಗೆಸ್ಬೇಕಂತೆ. ಬರೋ ವಾರ."

ಅವಳು ಕೇಳಿಸಿಕೊಂಡಳು. ಹೇಳಬೇಕು ಎಂದುಕೊಂಡಳು. ಭಯವಿರಲಿಲ್ಲ, ಭಯಪಡುವಷ್ಟು ಚೈತನ್ಯವೂ ಇರಲಿಲ್ಲ. ಬಾಯಿ ತೆರೆದರೆ ಬಿಳಿ ಪುಟದಿಂದ ಶುರು ಮಾಡಿ ಎಲ್ಲ ಹೇಳಬೇಕಿತ್ತು. ಎಲ್ಲರ ಮುಖ ಇವಳ ಕಡೆ ತಿರುಗುತ್ತಿತ್ತು. ಆಮೇಲೆ ಅದೇ ಅಯ್ಯೋ ಪಾಪ. ವರದಿಯ ಪುಟ ತೆರೆದು ತಾರೀಖು ಹಾಕಿ ಮುಚ್ಚಿದಳು. ಊಟದ ಡಬ್ಬಿಯನ್ನು ತೆರೆಯದೆಯೇ ಮತ್ತೆ ಚೀಲಕ್ಕೆ ಹಾಕಿದಳು.

ಮಧ್ಯಾಹ್ನ ಮೇಷ್ಟ್ರು ಮೇಜಿನ ಖಾನೆ ಖಾಲಿ ಮಾಡತೊಡಗಿದರು. ಹಳೆಯ ಪಟ್ಟಿಗಳು, ಮೊನೆ ಮುರಿದ ಪೆನ್ಸಿಲ್ಲುಗಳು, ಒಂದು ಗಾಜಿನ ಆಲಿಕೆ. ಆಲಿಕೆಯನ್ನು ಬಾಟ್ಲಿ ಅಕ್ಕನ ಕೈಗಿಟ್ಟು, "ತಗೋ, ಎಣ್ಣೆ ಸುರಿಯೋಕಾಗುತ್ತೆ" ಎಂದರು.

"ಇದ್ಯಾಕೆ ಈಗ?"

"ನಾಳೆ ರಾಜೀನಾಮೆ ಬರೆದುಕೊಟ್ಟುಬಿಡ್ತೀನಿ. ಐದು ತಿಂಗಳ ಆಸೆಗೆ ಜನರ ಹೊಟ್ಟೆ ಕೆಡಿಸ್ಲಾ?" ಮೇಷ್ಟ್ರು ನಗಲು ನೋಡಿದರು. ಆಮೇಲೆ ಇವಳ ಕಡೆ ತಿರುಗಿದರು. "ಮಬ್ಬಾಗಿ ಕಂಡಿದ್ರೆ ಕನ್ನಡಕ ಬದಲಾಯಿಸ್ತಿದ್ದೆ. ಇದು ಹಾಗಲ್ಲ ನೋಡು. ಅಲ್ಲೇನೋ ಇದೆ ಅಂತಲೇ ನನಗೆ ಗೊತ್ತಾಗ್ಲಿಲ್ಲ. ಇನ್ನೂ ಏನೇನು ಕಾಣ್ತಿಲ್ವೋ, ಅದು ನನಗೆ ತಿಳಿಯೋದಾದ್ರೂ ಹೇಗೆ? ರಾತ್ರಿಯೆಲ್ಲ ಅದೇ ಯೋಚನೆ."

ಅವಳು ಎದ್ದು ನಿಂತಳು. ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತಳು.

"ಮೇಷ್ಟ್ರೇ, ಕುರ್ಚಿ ಎಳ್ಕೊಂಡು ಬನ್ನಿ ಇಲ್ಲಿ."

ಸ್ಟೈಲ್ ಫೈಲು ತೆರೆದು ಕೊನೆಯ ಸಾಲನ್ನು ಅಳಿಸಿದಳು. ಸೋಮವಾರದ ಪುಟವನ್ನು ಮತ್ತೆ ತೆರೆದಳು. ಬೂದು ಪುಟದ ಮೇಲೆ ಗುಲಾಬಿ ಪೆಟ್ಟಿಗೆಗಳು ಒಂದರ ಕೆಳಗೊಂದು ಬಂದು ಕೂತವು. ಹನ್ನೊಂದು.

"ಏಳನೇದು ಓದಿ."

ಮೇಷ್ಟ್ರು ಕೂತಲ್ಲಿಂದಲೇ ಓದಿದರು. ಮೀಟರು, ಹಿಂದಿನ ದಿನದ ಅಂಕಿ, ಸಮಯ, ಒಂದಕ್ಷರ ತಪ್ಪಲಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದು ಅವಳನ್ನು ನೋಡಿದರು.

"ಸೋಮವಾರ ಇದು ನಿಮ್ಮ ಪರದೆ ಮೇಲೆ ಇರ್ಲೇ ಇಲ್ಲ. ನಾನು ಮುಚ್ಚಿದ್ದೆ. ಬಣ್ಣ ಬದಲಾಯಿಸ್ತಾ ಮುಚ್ಚಿಟ್ಟೆ. ನಿಮ್ಮ ಕಣ್ಣಿಗೂ ಏನಾಗಿಲ್ಲ, ತಲೆಗೂ ಏನಾಗಿಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

ಈಗ ತಾನೇ ಎನ್ನಬಹುದಿತ್ತು.

"ಮಂಗಳವಾರ. ಅವರು ಹಾಳೆ ತಂದಾಗ."

"ಮೂರು ದಿನ!" ಮೇಷ್ಟ್ರ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. "ಮೂರು ದಿನದಿಂದ ನನ್ನ ಹೆಂಡತಿ ತಟ್ಟೇಲಿ ಯಾವುದು ಎಲ್ಲಿದೆ ಅಂತ ಬೆರಳು ಹಿಡಿದು ತೋರಿಸ್ತಿದಾಳೆ. ಸ್ನಾನಕ್ಕೆ ಹೋದ್ರೆ ಬಾಗಿಲ ಹೊರಗೆ ನಿಂತು, ರೀ, ಸಾಬೂನು ಸಿಕ್ತಾ ಅಂತಾಳೆ! ಗೇಟಿನವರೆಗೂ ಕರ್ಕೊಂಡು ಬಂದು ಬಿಟ್ಟು ಹೋಗ್ತಾಳೆ, ನಾನೇನು ನರ್ಸರಿ ಮಗುವಾ?"

ಬಾಟ್ಲಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

"ನಗಬೇಡ ನೀನು! ಇವಳಿಗೆ ದುಃಖ ಇದೆ ಅಂತ ನಾವೆಲ್ಲ ಬಾಯಿ ಹೊಲ್ಕೊಂಡು ಕೂತಿದ್ದು ಇದಕ್ಕೇನಾ? ನಿನಗೆ ನೋಡೋಕೆ ಬೇಡ ಅಂದ್ರೆ ನೀನು ಕಣ್ಣು ಮುಚ್ಕೋ ತಾಯಿ. ಊರಿನ ಕಣ್ಣು ಯಾಕೆ ಕಟ್ಟಿದೆ?"

"ತಪ್ಪಾಯ್ತು" ಎಂದಳು.

ಹತ್ತು ತಿಂಗಳಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ.

ಅವಳು ವರದಿ ತೆರೆದಳು. ಎಚ್ಚರಿಕೆ ಕಾಣದಂತೆ ಮಾಡಿದವಳು ನಾನು, ಹಿರಿಯರ ಯಂತ್ರಕ್ಕೆ ಅದನ್ನು ಹಾಕಿದವಳೂ ನಾನೇ, ಅವರ ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದಳು. ಮೂರು ದಿನ ತಿಳಿದೂ ಹೇಳಲಿಲ್ಲವೆಂದೂ ಸೇರಿಸಿದಳು. ಬೆನ್ನ ಹಿಂದಿನಿಂದ ಮೇಷ್ಟ್ರು ಓದುತ್ತಿದ್ದರು.

"ನಿನ್ನ ಕೆಲಸ ಹೋಗಬಹುದು" ಎಂದರು.

"ಹೋಗಬಹುದು."

"ಆಲಂ ಅನ್ನೋ ಕಡೆ ಅಕ್ಷರ ತಪ್ಪು ಬಿದ್ದಿದೆ ನೋಡು, ಎರಡನೇ ಸಾಲು. ತಿದ್ದಿ ಕಳಿಸು."

ತಿದ್ದಿ ಕಳಿಸಿದಳು.

ಐದೂವರೆಗೆ ಮೇಷ್ಟ್ರು ಚೀಲ ಹೆಗಲಿಗೇರಿಸಿ, ಹೋಗಿಬರುತ್ತೇನೆ ಎನ್ನದೆ ಮೆಟ್ಟಿಲಿಳಿದರು. ಅವಳು ಕಿಟಕಿಯ ಹತ್ತಿರ ಬಂದಳು. ಗೇಟಿನಲ್ಲಿ ಅವರ ಹೆಂಡತಿ ಬಂದು ನಿಂತಿದ್ದರು. ಮೇಷ್ಟ್ರು ಕೈಯಾಡಿಸುತ್ತ ಏನೋ ಹೇಳಿದರು, ಚೌಕ ಚೌಕವಾಗಿ ಗಾಳಿಯಲ್ಲಿ ಪೆಟ್ಟಿಗೆಗಳ ಚಿತ್ರ ಬರೆದರು. ಆಕೆ ಕೇಳಿದರು. ನಕ್ಕರೋ ಬೈದರೋ ಮೇಲಿನಿಂದ ತಿಳಿಯಲಿಲ್ಲ. ಹೇಳಿ ಮುಗಿದ ಮೇಲೆ ಆಕೆ ಗಂಡನ ಮೊಳಕೈ ಹಿಡಿದುಕೊಂಡರು. ಮೇಷ್ಟ್ರು ಬಿಡಿಸಿಕೊಳ್ಳಲಿಲ್ಲ. ರಸ್ತೆಯಲ್ಲಿ ಒಂದು ವಾಹನವೂ ಇರಲಿಲ್ಲ. ಆದರೂ ಇಬ್ಬರೂ ಅಂಚಿನಲ್ಲಿ ನಿಂತು, ಆ ಕಡೆ ಈ ಕಡೆ ನೋಡಿ, ನಿಧಾನವಾಗಿ ದಾಟಿದರು.