ಸೋಮಾರಿಯ ಬೆನ್ನ ಮೇಲಿನ ಬೂದು

ಹಾವಿನ ಬೆನ್ನು ಸುಟ್ಟ ಮಾರನೇ ದಿನ ಅಕ್ಕ ಗಾಜಿನ ಪೆಟ್ಟಿಗೆಯನ್ನು ನಡುಮನೆಯಿಂದ ಎತ್ತಿ ತನ್ನ ಹೊಲಿಗೆ ಕೋಣೆಗೆ ಒಯ್ದಳು. ಹೋಗಿ ಬಾಗಿಲನ್ನು ಮುಂದೆ ಮಾಡಿದಳು. ಜಗಳವಿಲ್ಲ, ಕೂಗಾಟವಿಲ್ಲ. ಅಲ್ಲಿಂದಾಚೆಗೆ ಹಾವನ್ನು ತಮ್ಮನ ಕೈಗೆ ಕೊಡುವುದನ್ನು ಮಾತ್ರ ಬಿಟ್ಟಳು.

ತಮ್ಮನಿಗೆ ಸಿಡುಕ ಅಂತ ಹೆಸರಿಟ್ಟವಳು ಅವಳೇ. ಕಾರುಗಳ ಗ್ಯಾರೇಜಿನಲ್ಲಿ ಪೇಂಟರ್. ಎಲ್ಲೋ ಗುದ್ದಿಸಿಕೊಂಡು ಮುಖ ಸೊಟ್ಟ ಮಾಡಿಕೊಂಡು ಬಂದ ಬಾಗಿಲನ್ನು ಏನೂ ಆಗೇ ಇಲ್ಲವೆಂಬಂತೆ ಕಳಿಸುವುದು ಅವನ ಕಸುಬು. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ.

ಹಾವಿನ ಹೆಸರು ಸೋಮಾರಿ. ವಿಷವಿಲ್ಲದ, ಮಾಗಿದ ಕಿತ್ತಳೆ ಬಣ್ಣದ, ಬೆನ್ನುದ್ದಕ್ಕೂ ಕೆಂಪು ಮಚ್ಚೆಗಳ ಹಾವು. ಊರು ಬಿಡುತ್ತಿದ್ದ ಗಿರಾಕಿಯೊಬ್ಬನಿಂದ ಅದನ್ನು ಇಸಿದುಕೊಂಡು ಬಂದವನು ಸಿಡುಕನೇ. ಆಗ ಅಕ್ಕ ಗಂಡನ ಮನೆಯಿಂದ ಬಂದು, ಬಾಯಿಗೆ ಬೀಗ ಹಾಕಿಕೊಂಡವಳ ಹಾಗೆ ಕಿಟಕಿಯ ಬಳಿ ಕೂತಿರುತ್ತಿದ್ದಳು. ಉಂಡೆಯಾ ಅಂದರೂ ಇಲ್ಲ, ಬಿಟ್ಟೆಯಾ ಅಂದರೂ ಇಲ್ಲ. ಹಾವು ಬಂದು ಎಷ್ಟೋ ದಿನ ಕದಲದೆ ಬಿದ್ದುಕೊಂಡಿದ್ದಾಗ, "ಏಳೋ ಸೋಮಾರಿ, ನನಗಿಂತ ಕಡೆ ನೀನು" ಅಂದಳು. ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಂಡ ಸಿಡುಕ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಿದ್ದ, ಸುಮ್ಮಸುಮ್ಮನೆ.

ಆಮೇಲೆ ಅಕ್ಕ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ ಹಿಡಿದಳು. ಸೋಮಾರಿ ಅವಳ ಕೊರಳಲ್ಲಿ ಕೂತೇ ಮೆಷಿನ್ ನೋಡುತ್ತಿತ್ತು. ಅಳತೆ ಟೇಪ್ ಅಂದುಕೊಂಡು ಅದರ ಬಾಲ ಎಳೆದ ಗಿರಾಕಿಯೊಬ್ಬ ಅರ್ಧ ಹೊಲಿದ ಪ್ಯಾಂಟಿನಲ್ಲೇ ಬೀದಿಗೆ ಓಡಿದ್ದನ್ನು ಅಕ್ಕ ಹೇಳಿ ಹೇಳಿ ನಗುತ್ತಿದ್ದಳು.

ಇಂಥ ಹಾವನ್ನು ಸುಟ್ಟವನೂ ಸಿಡುಕನೇ. ಚಳಿ ಬಿದ್ದಿತ್ತು, ಪೆಟ್ಟಿಗೆಯ ಹೀಟರ್ ಕೈಕೊಟ್ಟಿತ್ತು. ಅಕ್ಕ ಮನೆಯಲ್ಲಿರಲಿಲ್ಲ. ಸಿಡುಕ ಗ್ಯಾರೇಜಿನಿಂದ ಪೇಂಟ್ ಒಣಗಿಸುವ ದೀಪ ತಂದು, ಕಾರಿನ ಬಾಗಿಲಿಗೆ ಎಷ್ಟು ದೂರ ಇಡುತ್ತಿದ್ದನೋ ಅಷ್ಟೇ ದೂರದಲ್ಲಿ ಪೆಟ್ಟಿಗೆಯ ಜಾಲರಿ ಮುಚ್ಚಳದ ಮೇಲ್ಗಡೆ ತೂಗುಹಾಕಿ ಹೋದ. ಮರಗಟ್ಟಿದ್ದ ಹಾವು ಬಿಸಿ ಸಿಕ್ಕಿತಲ್ಲ ಎಂದು ಅಲ್ಲೇ ಮಲಗಿತು. ಬೆನ್ನು ಬೇಯುತ್ತಿರುವುದು ಅದಕ್ಕೆ ತಿಳಿಯಲೇ ಇಲ್ಲ.

"ಪ್ರಾಣಕ್ಕೇನೂ ಭಯ ಇಲ್ಲ. ಪೊರೆ ಬಿಟ್ಟ ಹಾಗೆಲ್ಲ ಗಾಯ ಮಾಯುತ್ತೆ. ಬಣ್ಣ ಮಾತ್ರ ಮೊದಲಿನ ಹಾಗೆ ಬರುತ್ತೋ ಇಲ್ವೋ, ಹೇಳೋಕಾಗಲ್ಲ" ಅಂದರು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು.

"ಹೇಳೋಕಾಗಲ್ಲ ಅಂದ್ರೇನ್ರೀ? ನಾನು ಗಿರಾಕಿಗೆ ಹೀಗಂದ್ರೆ ಕಪಾಳಕ್ಕೆ ಬಾರಿಸ್ತಾನೆ!" ಸಿಡುಕ ಎಗರಿದ.

"ನೀವು ಸ್ವಲ್ಪ ಹೊರಗಿರಿ" ಅಂದರು ಡಾಕ್ಟರು. ಅಕ್ಕ ತಲೆ ಎತ್ತಲಿಲ್ಲ.

ಮೊದಲ ಪೊರೆ ಕಳಚಿದ ಬೆಳಿಗ್ಗೆ ಸಿಡುಕ ಬಾಗಿಲ ಸಂದಿಯಿಂದ ಇಣುಕಿದ. ಮೈಯೆಲ್ಲ ಆಗ ತಾನೇ ಪಾಲಿಶ್ ಹೊಡೆದಂತೆ ಹೊಳೆಯುತ್ತಿತ್ತು. ನಡುಬೆನ್ನಿನಲ್ಲಿ ಮಾತ್ರ ಅಂಗೈ ಉದ್ದದ ಬೂದು. ಸೀದ ಪಾತ್ರೆಯ ತಳದ ಬಣ್ಣ. ಮಚ್ಚೆ ಇಲ್ಲ, ಅಂಚಿಲ್ಲ; ಹುರುಪೆಗಳು ಸಾಲು ತಪ್ಪಿ ಅಡ್ಡಾದಿಡ್ಡಿ ಕೂತಿದ್ದವು.

ಅವತ್ತು ಗ್ಯಾರೇಜಿನಲ್ಲಿ ಊಟಕ್ಕೂ ಏಳದೆ ಬಣ್ಣ ಬೆರೆಸಿದ. ಹಳದಿ ಹೆಚ್ಚಾಯಿತು, ಚೆಲ್ಲಿದ. ಕೆಂಪು ಕಣ್ಣಿಗೆ ಹೊಡೆಯಿತು, ಚೆಲ್ಲಿದ. ಸಂಜೆ ಸಣ್ಣ ಡಬ್ಬಿಯೊಂದನ್ನು ಅಕ್ಕನ ಮೆಷಿನ್ ಮೇಲೆ ಕುಕ್ಕಿದ.

"ಏನೋ ಇದು?"

"ಸೋಮಾರಿ ಬಣ್ಣ. ಥೇಟ್ ಅದೇ. ಬ್ರಷ್ ತಂದಿದೀನಿ. ಎರಡು ಕೋಟ್ ಸಾಕು, ಯಾರಿಗೂ ಗೊತ್ತಾಗಲ್ಲ."

ಅಕ್ಕ ಡಬ್ಬಿಯನ್ನೂ ಅವನನ್ನೂ ನೋಡಿದಳು. "ತಲೆಗಿಲೆ ಕೆಟ್ಟಿದೆಯಾ? ಇದರ ವಾಸನೆಗೇ ಸಾಯುತ್ತೆ ಅದು."

"ಮತ್ತೇನ್ ಮಾಡ್ಲಿ? ಹೇಳು! ಅದನ್ನ ಹಾಗೆ ನೋಡೋಕಾಗಲ್ಲ ಕಣೇ ನನ್ ಕೈಲಿ. ನೀನಾದ್ರೂ ಬೈ. ಬೈಯಲ್ಲ, ಮುಟ್ಟೋಕೂ ಬಿಡಲ್ಲ!"

"ಬೈದ್ರೆ ನೀನು ತಿರುಗಿ ಕೂಗ್ತೀಯ. ಕೂಗಿದ್ರೆ ಅದು ಮುದುಡಿಕೊಳ್ಳುತ್ತೆ." ಅಕ್ಕ ಸೂಜಿಗೆ ದಾರ ಪೋಣಿಸಿದಳು. "ಮುದುಡಿಕೊಳ್ಳೋದು ನನಗೂ ಗೊತ್ತು. ಡಬ್ಬಿ ಆಚೆ ಇಡು."

ಅವನು ಡಬ್ಬಿಯನ್ನು ಚರಂಡಿಯ ಪಕ್ಕದ ಕಸದ ತೊಟ್ಟಿಗೆ ಎಸೆದು, ತೊಟ್ಟಿಗೂ ಒಂದು ಒದ್ದ. ಕಾಲು ನೋವಾಯಿತು.

ಆಮೇಲೆ ಮನೆಯಲ್ಲಿ ದನಿ ಏರಿಸಲಿಲ್ಲ. ಗ್ಯಾರೇಜಿನಲ್ಲಿ ಅದಕ್ಕೂ ಸೇರಿಸಿ ಏರಿಸಿದ, ಅಲ್ಲಿಯವರು "ಏನಪ್ಪಾ, ಈ ವಾರ ಡಬಲ್ ಡ್ಯೂಟಿನಾ?" ಎಂದು ಕಿಚಾಯಿಸಿದರು. ನಡುಮನೆಯಲ್ಲೇ ಉಳಿದಿದ್ದ ಕೆಟ್ಟ ಹೀಟರ್ ಬಿಚ್ಚಿ ರಿಪೇರಿ ಮಾಡಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು, ಎರಡನ್ನೂ ಹೊಲಿಗೆ ಕೋಣೆಯ ಹೊಸ್ತಿಲಲ್ಲಿಟ್ಟು ಬಂದ. ಮಾರನೇ ದಿನ ಅವು ಒಳಗೆ ಹೋಗಿದ್ದವು.

ಮತ್ತೆ ಸೋಮಾರಿಯ ಕಣ್ಣು ಹಾಲುಬಿಳುಪಾಯಿತು, ಮೈ ಮಂಕಾಯಿತು. ಎರಡನೇ ಪೊರೆಯ ಹೊತ್ತು. ಸಿಡುಕ ಕೆಲಸಕ್ಕೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದಾಗ ಒಳಗಿಂದ ಕೂಗು ಬಂತು.

"ಲೋ, ಬಾ ಇಲ್ಲಿ. ಮೆಲ್ಲಗೆ ಬಾ."

ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಹಾವು ಇತ್ತು. ತಲೆಯಿಂದ ಪೊರೆ ಸಲೀಸಾಗಿ ಸುಲಿದು ಬಂದು, ಬೂದು ಜಾಗದ ಹತ್ತಿರ ಕಚ್ಚಿಕೊಂಡು ನಿಂತಿತ್ತು. ಹಿಂದೆ ಮುಂದೆ ಹೋಗಲಾರದೆ ಸೋಮಾರಿ ಒದ್ದಾಡುತ್ತಿತ್ತು.

"ಎಷ್ಟು ನೆನೆಸಿದ್ರೂ ಬಿಡ್ತಿಲ್ಲ. ನನ್ನ ಬೆರಳು ನೋಡು, ಸೂಜಿ ಚುಚ್ಚಿ ಚುಚ್ಚಿ ಗರಗಸ ಆಗಿದೆ. ಎಳೆದ್ರೆ ಹೊಸ ಹುರುಪೆನೂ ಕಿತ್ತು ಬರುತ್ತೆ. ಕಾರಿಗೆ ಅಂಟಿಸಿರ್ತೀಯಲ್ಲ, ಆ ಟೇಪನ್ನ ಪೇಂಟ್ ಏಳದ ಹಾಗೆ ಹೇಗೆ ಬಿಡಿಸ್ತೀಯ?"

"ಮೇಲಕ್ಕೆ ಎತ್ತಬಾರದು. ಅದರ ಮೇಲೇ ಅದನ್ನ ಮಡಚಿ, ಓರೆಯಾಗಿ, ಉಸಿರು ಬಿಡೋ ಹಾಗೆ."

"ಹಾಗಾದ್ರೆ ಮಾಡು."

ಅಕ್ಕ ಸೋಮಾರಿಯನ್ನು ಎತ್ತಿ ಅವನ ಎರಡೂ ಕೈಗಳಲ್ಲಿ ಇಟ್ಟಳು. ಹಾವಿನ ಭಾರ ಅವನಿಗೆ ಮರೆತೇ ಹೋಗಿತ್ತು. ಅದು ನಾಲಗೆ ಚಾಚಿ ಹೆಬ್ಬೆರಳನ್ನು ಮೂಸಿತು, ಮುದುಡಲಿಲ್ಲ. ಅವನು ನೆಲಕ್ಕೆ ಕೂತ. ಒದ್ದೆ ಬಟ್ಟೆಯಿಂದ ಒತ್ತಿ, ಪೊರೆಯ ಅಂಚನ್ನು ಹಿಂದಕ್ಕೆ ಮಡಚಿದ. ಒಂದು ಹುರುಪೆ, ಆಮೇಲೆ ಇನ್ನೊಂದು. ಸಿಕ್ಕಿಕೊಂಡಲ್ಲಿ ನಿಂತ, ನೀರು ಹನಿಸಿದ, ಕಾದ. ಹುಟ್ಟಿದಾಗಿನಿಂದ ಯಾವುದಕ್ಕೂ ಹೀಗೆ ಕಾದವನಲ್ಲ.

ಗಾಯದ ಜಾಗ ದಾಟಿದ ಮೇಲೆ ಪೊರೆ ಕಾಲುಚೀಲದಂತೆ ಬಾಲದವರೆಗೂ ಜಾರಿತು. ಕೆಳಗೆ ಬೂದು ಬೂದಾಗಿಯೇ ಇತ್ತು. ಆದರೆ ಸೀದ ಪಾತ್ರೆಯ ಬಣ್ಣವಲ್ಲ. ಅಂಚಿನಲ್ಲಿ ತಾಮ್ರದ ಛಾಯೆ, ನಡುವೆ ಮಂಜಿನಂಥ ನೀಲಿ. ಇಂಥ ಬಣ್ಣವನ್ನು ಯಾವುದರಲ್ಲಿ ಯಾವುದನ್ನು ಬೆರೆಸಿ ಮಾಡುವುದೆಂದು ಸಿಡುಕನಿಗೆ ಹೊಳೆಯಲಿಲ್ಲ.

"ಹೋಗಲ್ಲ ಕಣೇ ಇದು" ಅಂದ.

"ಇರಲಿ ಬಿಡೋ" ಅಂದಳು ಅಕ್ಕ. "ಈಗ ಅದಕ್ಕೆ ಎಲ್ಲಿ ನೋವಿತ್ತು ಅಂತ ಹಿಡಿಯೋರಿಗೆ ಗೊತ್ತಾಗುತ್ತೆ."

ಸೋಮಾರಿ ಅವನ ತೋಳಿನ ಬಿಸುಪು ಹುಡುಕಿಕೊಂಡು ಅಂಗಿಯ ಕೈಯೊಳಗೆ ನುಗ್ಗಿತು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು, ಗ್ಯಾರೇಜಿನಿಂದ. ಅಕ್ಕನೇ ಕೈಹಾಕಿ ತೆಗೆದು ಕಿವಿಗಿಟ್ಟುಕೊಂಡಳು.

"ಹ್ಞೂಂ, ಮನೇಲೇ ಇದಾನೆ. ಇಲ್ಲ, ಈಗ ಬರೋಕಾಗಲ್ಲ. ಅವನ ಮೇಲೆ ಒಬ್ಬರು ಮಲಗಿದಾರೆ."

ಆ ಕಡೆಯವನು ಏನೋ ಅಂದ. ಅಕ್ಕ ಜೋರಾಗಿ ನಕ್ಕಳು. ಸಿಡುಕ ಉಸಿರೂ ಅಲುಗದಂತೆ, ತೋಳು ಮಡಚಿಕೊಂಡು ಕೂತೇ ಇದ್ದ.