ಬರೀ ಸೊನ್ನೆಗಳ ಪರೀಕ್ಷೆ

ಫ್ರಾನ್ಸಿನ ಬಂದರು ಊರು ಲೋರಿಯಾಂನ ನಮ್ಮ ಪ್ರಯೋಗಾಲಯದಲ್ಲಿ ಮಧ್ಯಾಹ್ನ ಹನ್ನೆರಡಾಗುತ್ತಿದ್ದಂತೆ ಸಹೋದ್ಯೋಗಿ ರೋಝೆನ್ ಕಾರಿಡಾರಿನ ಬಾಗಿಲುಗಳನ್ನೆಲ್ಲ ತಟ್ಟುತ್ತ ಊಟಕ್ಕೆ ಜನ ಕೂಡಿಸಿಕೊಂಡು ಹೋಗುತ್ತಾಳೆ. ಹನ್ನೊಂದು ವರ್ಷ ಅವಳು ನನ್ನ ಬಾಗಿಲು ತಟ್ಟಲಿಲ್ಲ. ಜಗಳವೇನೂ ಇರಲಿಲ್ಲ. ಸಂದೇಶ ಕಳಿಸಲು ಫೋನಿನ ಕಂಪನಿಗಳು ಬೇರೆ ಸಂಕೇತ ಆರಿಸಿಕೊಂಡವು, ಉಳಿದವರೆಲ್ಲ ಅದರ ಹಿಂದೆ ಹೋದರು, ನಾನು ಹಟಮಾರಿ, ಹಳೆಯದಕ್ಕೇ ಅಂಟಿಕೊಂಡೆ. ಅವರ ಮಾತು ನನಗೆ ಬೇಡವಾಯಿತು, ನನ್ನದು ಅವರಿಗೆ. ಕೋಣೆಯಲ್ಲೇ ಬ್ರೆಡ್ಡು, ಚೀಸು ತಿನ್ನುವುದು ರೂಢಿಯಾಯಿತು. ರೂಢಿಯಾಯಿತು ಅಂದರೆ ಸುಳ್ಳು. ದಿನಾ ಆ ಹೊತ್ತಿಗೆ ಕಿವಿ ಕಾರಿಡಾರಿನಲ್ಲೇ ಇರುತ್ತಿತ್ತು.

ಗಾಳಿಯಲ್ಲಿ ಬರುವ ಸಂದೇಶ ದಾರಿಯಲ್ಲಿ ಕೆಡುತ್ತದೆ; ಅದನ್ನು ತಿದ್ದಿ ಓದುವುದು ನನ್ನ ಕಸುಬು. ಸಾಮಾನ್ಯ ಸಂಕೇತಗಳಲ್ಲಿ ಸೊನ್ನೆ, ಒಂದು, ಎರಡೇ ಅಕ್ಷರ. ನನ್ನದರಲ್ಲಿ ಸೊನ್ನೆಯಿಂದ ಅರವತ್ತಮೂರರವರೆಗೆ ಅರವತ್ತನಾಲ್ಕು. ತೀರಾ ಕ್ಷೀಣವಾಗಿ ಬಂದ ಸಂದೇಶವನ್ನೂ ಅದು ಬಿಡುವುದಿಲ್ಲ, ಆದರೆ ಲೆಕ್ಕ ಬೆಟ್ಟದಷ್ಟು. ಬಂದ ಒಂದೊಂದು ಅಕ್ಷರಕ್ಕೂ ಅರವತ್ತನಾಲ್ಕು ಉಮೇದುವಾರರು, ಎಲ್ಲರಿಗೂ ಅಂಕ ಕೊಡಬೇಕು. ಮುಂದಿರುವ ಕೆಲವರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುವುದು ನಮ್ಮ ಉಪಾಯ. ಹದಿನಾರಕ್ಕಿಂತ ಕಡಿಮೆ ಮಾಡಿದರೆ ತಪ್ಪುಗಳು ಹೆಚ್ಚುತ್ತಿದ್ದವು. ಕಳೆದ ಮಾರ್ಚಿನಲ್ಲಿ ನಾನು ನಾಲ್ಕಕ್ಕೆ ಇಳಿಸಿದೆ, ತಪ್ಪು ಹೆಚ್ಚಲಿಲ್ಲ.

ಅದನ್ನು ಬರೆದು ಪತ್ರಿಕೆಗೆ ಕಳಿಸಿದ ಲೇಖನ ಒಪ್ಪಿಗೆಯಾಯಿತು. ಮುಳುಗುವ ದೋಣಿಯಿಂದ ಸಹಾಯ ಕೇಳುವ ಪುಟ್ಟ ಯಂತ್ರ ಮಾಡುವ, ಬಂದರಿನ ಕಂಪನಿಯವರು ನನ್ನನ್ನು ಹುಡುಕಿಕೊಂಡು ಬಂದರು. ಮರುದಿನ ಬಾಗಿಲು ಸದ್ದಾಯಿತು.

"ಅಝೆನೋರ್, ಬಾರೇ. ಇವತ್ತು ಮೀನು. ತಡ ಮಾಡಿದ್ರೆ ಬರೀ ಮುಳ್ಳು ಸಿಗತ್ತೆ," ಅಂದಳು ರೋಝೆನ್.

ಊಟದ ಮೇಜಿನಲ್ಲಿ ನಮ್ಮ ತಂಡದ ಮುಖ್ಯಸ್ಥ ತ್ಯುಗ್ದುಯಾಲ್ ಸರಿದು ಜಾಗ ಮಾಡಿದ. "ಅರವತ್ತು ಜನರನ್ನ ಹೊರಗೆ ಹಾಕಿದ ಮಹಾತಾಯಿ ಬಂದ್ಲು. ನಮ್ಮನ್ನಾದ್ರೂ ಉಳಿಸ್ಕೋತೀಯಾ?"

"ನೋಡೋಣ, ನಿನ್ನ ಅಂಕ ಎಷ್ಟು ಅಂತ," ಅಂದೆ. ಎಲ್ಲರೂ ನಕ್ಕರು. ಸಂಜೆ ಮನೆಗೆ ಹೋಗುವಾಗ ಆ ಮಾತನ್ನು ನಾನೇ ನಾಲ್ಕು ಸಲ ಹೇಳಿಕೊಂಡೆ. ಐವತ್ತೆಂಟು ವರ್ಷದ ಹೆಂಗಸಿಗೆ ಅಷ್ಟು ಖುಷಿ ಆಗಬಾರದು, ಆದರೆ ಆಯಿತು.

ಆರು ವಾರ ಹೀಗೇ ಕಳೆಯಿತು. ಕಂಪನಿಯವರಿಗೆ ತೋರಿಸಲು ನಿಜವಾದ ಸಂದೇಶವೊಂದು ಬೇಕಾಯಿತು. ನಮ್ಮವರು ಪರೀಕ್ಷೆಗೆ ಬರೀ ಸೊನ್ನೆಗಳನ್ನೇ ಕಳಿಸುತ್ತಾರೆ. ಈ ಸಂಕೇತಕ್ಕೆ ಎಲ್ಲ ಸಂದೇಶವೂ ಒಂದೇ. ಸೊನ್ನೆಗೆ ಕೆಲಸ ಮಾಡಿದ್ದು ಎಲ್ಲಕ್ಕೂ ಮಾಡುತ್ತದೆ ಎಂಬ ಭರವಸೆ. ನಾನೂ ಅಷ್ಟೇ ಮಾಡಿದ್ದೆ. ಈಗ ಏನು ಬರೆಯುವುದೆಂದು ತೋಚದೆ, "ಇವತ್ತು ಊಟಕ್ಕೆ ಐದು ಜನ ಇದ್ದೆವು" ಎಂದು ಬರೆದು ಕಳಿಸಿದೆ. ಅತ್ತ ಕಡೆ ಅಕ್ಷರಗಳು ಚಿಂದಿಯಾಗಿ ಬಂದವು. ಮತ್ತೆ ಕಳಿಸಿದೆ, ಮತ್ತೆ ಚಿಂದಿ.

ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಇಬ್ಬರು ಉಮೇದುವಾರರ ಅಂಕ ಸಮನಾದಾಗ ಚಿಕ್ಕ ಸಂಖ್ಯೆಯವನನ್ನು ಉಳಿಸಿಕೋ ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದೆ. ಎಲ್ಲಕ್ಕಿಂತ ಚಿಕ್ಕದು ಸೊನ್ನೆ. ಕಳಿಸಿದ್ದೂ ಸೊನ್ನೆ. ಉತ್ತರವನ್ನು ನಾನೇ ಅದರ ಕೈಗಿಟ್ಟು, ಪಾಸಾಯಿತು ಎಂದು ಕುಣಿದಿದ್ದೆ. ಸಮ ಬಂದಾಗ ಚೀಟಿ ಎತ್ತುವಂತೆ ಬದಲಾಯಿಸಿದರೆ ನಾಲ್ಕು ಸಾಲದು, ಹತ್ತೂ ಸಾಲದು. ಮತ್ತೆ ಹದಿನಾರೇ ಬೇಕು. ದುಃಖವಾಯಿತು. ಲೇಖನ ಹೋಯಿತೆಂದು ಅಲ್ಲ, ಊಟದ ಆ ಮೇಜು ಹೋಯಿತೆಂದು.

ಗುರುವಾರ ನಾಲ್ಕು ಗಂಟೆಗೆ ನನ್ನ ಲೇಖನದ ಸಲುವಾಗಿ ಸೈಡರ್ ಎಂಬ ಸೇಬಿನ ಮದ್ಯದ ಬಾಟಲಿ ತೆರೆದಿದ್ದರು. ಕೇಕು ರೋಝೆನ್ ಮಾಡಿದ್ದು. ಗ್ಲಾಸು ಕೈಗೆ ಬರುವ ಮೊದಲೇ ಎಲ್ಲ ಹೇಳಿಬಿಟ್ಟೆ. ತ್ಯುಗ್ದುಯಾಲ್ ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದ.

"ಎಲ್ರೂ ಸೊನ್ನೆನೇ ಕಳಿಸಿ ನೋಡೋದು. ಲೇಖನ ಹಾಗೇ ಇರ್ಲಿ ಬಿಡು, ಯಾರಿಗೆ ಗೊತ್ತಾಗತ್ತೆ?"

"ನೀರಿಗೆ ಬಿದ್ದು ಕರೀತಿರೋನಿಗೆ ಗೊತ್ತಾಗತ್ತೆ."

ಅವನು ಕೆಟ್ಟವನಲ್ಲ, ಮುಖ ಕೆಂಪಾಯಿತು. "ಅಲ್ಲ ಕಣೇ, ಇದು ಇನ್ನೊಬ್ಬರ ಕಣ್ಣಿಗೆ ಬಿದ್ದಿದ್ರೆ ಐದು ನಿಮಿಷದಲ್ಲಿ ಸಿಗೋ ತಪ್ಪು. ಯಾರಿಗಾದ್ರೂ ತೋರಿಸೋಕೆ ಆಗ್ಲಿಲ್ವಾ?"

"ಯಾರಿಗೆ ತೋರಿಸ್ಲಿ?"

ಕೋಪದಿಂದ ಹೇಳಬೇಕೆಂದಿದ್ದೆ, ಬೇಡಿಕೊಂಡ ಹಾಗೆ ಬಂತು. ರೋಝೆನ್ ಕೇಕಿನ ದೊಡ್ಡ ತುಂಡೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತಳು. ಪ್ರಯಾಣಕ್ಕೆ ಹೊರಟವರಿಗೆ ಕೊಡುವ ಹಾಗೆ.

ಕೋಣೆಗೆ ಬಂದು ಪತ್ರಿಕೆಗೆ ಬರೆದೆ: ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆ. ಹತ್ತೇ ನಿಮಿಷದಲ್ಲಿ ಅವರಿಂದ ಅರ್ಜಿಯ ನಮೂನೆ ಬಂತು. ಲೇಖಕರು ಎಲ್ಲರೂ ಸಹಿ ಮಾಡಬೇಕು, ಒಬ್ಬರದು ಬಿಟ್ಟರೂ ನಡೆಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಎಂಟು ಗೆರೆ ಬಿಟ್ಟಿದ್ದರು; ಈ ಲೇಖನಕ್ಕೆ ಲೇಖಕಿ ನಾನೊಬ್ಬಳೇ. ಸಹಿ ಕೇಳಿಕೊಂಡು ಯಾರದಾದರೂ ಕೋಣೆಗೆ ಹೋಗಬೇಕಾಗಿದ್ದರೆ, ಬೈಸಿಕೊಳ್ಳುವುದಕ್ಕಾದರೂ ಹೋಗಿರುತ್ತಿದ್ದೆ. ಮೊದಲನೆಯ ಗೆರೆಯ ಮೇಲೆ ನನ್ನ ಹೆಸರು ಬರೆದೆ. ಉಳಿದ ಏಳನ್ನು ಅಡ್ಡಗೀಟು ಹಾಕಿ ಮುಚ್ಚಿ, ಕಳಿಸಿದೆ.