ಗಿಳಿಸೆರಗಿನ ಪಾಲು

ಚೀಟಿ ಸುಲಭಕ್ಕೆ ಬಿಡಲಿಲ್ಲ. ಕಾಶಪ್ಪ ಬೆರಳಿಗೆ ಉಗುಳು ಹಚ್ಚಿ ಅದರ ಮೂಲೆ ನೆನೆಸಿದ, ಉಗುರಿನಿಂದ ಕೆರೆದ, ಕಡೆಗೆ ಧೋತರದ ಚುಂಗನ್ನೇ ಒದ್ದೆ ಮಾಡಿಕೊಂಡು ತಿಕ್ಕಿದ. ಪೆನ್ಸಿಲಿನಿಂದ ‘ಹಳೇದು’ ಎಂದು ಬರೆದಿದ್ದ ಆ ಕಾಗದದ ತುಂಡು ಪುಡಿಪುಡಿಯಾಗಿ ಉದುರಿತು. ಈಗ ಮೇಜಿನ ಮೇಲೆ ಅಂಗೈ ಅಗಲದ ಎರಡು ಹಾರ್ಡ್ ಡಿಸ್ಕುಗಳು ಉಳಿದವು. ಒಂದೇ ಕಂಪನಿಯವು, ಒಂದೇ ಅಳತೆಯವು. ಹಳೆಯದರ ಸಂದಿಯಲ್ಲಿ ಕೂತಿದ್ದ ನೂಲಿನ ಧೂಳನ್ನೂ ಅವನು ಬಿಡಲಿಲ್ಲ. ಎರಡನ್ನೂ ಒರೆಸಿ ಪಕ್ಕಪಕ್ಕಕ್ಕೆ ಇಟ್ಟು, ಎಡಕ್ಕಿರುವುದು ಹಳೆಯದು, ಬಲಕ್ಕಿರುವುದು ಹೊಸದು ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡ.

ಅಂದು ಆ ಮನೆ ಪಾಲಾಗುವ ದಿನ. ಪಂಚರು ಒಳಗೆ ಊಟಕ್ಕೆ ಕೂತಿದ್ದರು. ‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಎಂಬ ಗಾದೆಯನ್ನು ಇಳಕಲ್ಲಿನ ಆ ಓಣಿ ಬೆಳಗಿನಿಂದ ಬಾಯಲ್ಲಿ ಹಿಡಿದುಕೊಂಡು ಕಾದಿತ್ತು. ಆದರೆ ಕಾಶಪ್ಪ ಮತ್ತು ಅವನ ತಮ್ಮ ನಾಗಲಿಂಗ ಓಣಿಯವರಿಗೆ ಆ ಸುಖ ಕೊಟ್ಟಿರಲಿಲ್ಲ. ಮಗ್ಗಗಳು ಪಾಲಾದವು, ಅಡಿಗೆ ಮನೆಯ ಹಿತ್ತಾಳೆ ಪಾತ್ರೆಗಳು ಪಾಲಾದವು, ಪಡಸಾಲೆಯ ನಡುವೆ ಗೋಡೆ ಎಲ್ಲಿ ಬರಬೇಕೆಂದು ಸುಣ್ಣದ ಗೆರೆಯೂ ಬಿತ್ತು. ಯಾರ ದನಿಯೂ ಏರಲಿಲ್ಲ. ಎಲ್ಲ ಸುರಳೀತ ಮುಗಿದು, ಕೊನೆಗೆ ಸಿಕ್ಕು ಬಿದ್ದದ್ದು ಕಂಪ್ಯೂಟರಿನ ಹತ್ತಿರ.

ಅದರೊಳಗೆ ಇದ್ದದ್ದು ಅವರ ಅಪ್ಪ ಬರೆದ ನಕ್ಷೆಗಳು. ಸೀರೆಯ ದಡಿಗೆ, ಸೆರಗಿಗೆಂದು ಆತ ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆದವು. ನಾಗಲಿಂಗನ ಹೆಂಡತಿ ಶೀಲಾ ಮದುವೆಗೆ ಮುಂಚೆ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕಲಿತಿದ್ದವಳು. ಒಂದು ಮಳೆಗಾಲ ಪೂರ್ತಿ ಕೂತು ಆ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಳಗೆ ಹಾಕಿದ್ದಳು. ಆಮೇಲೆ ಹಾಳೆಗಳ ಗಂಟು ಅಟ್ಟಕ್ಕೆ ಹೋಯಿತು, ಅಲ್ಲಿ ಗೆದ್ದಲಿನ ಪಾಲಾಯಿತು. ಅಟ್ಟ ಇಳಿದು ಬಂದ ಕಾಶಪ್ಪನ ಮುಖ ನೋಡಿ ಅವಳೇ ಸಮಾಧಾನ ಹೇಳಿದ್ದಳು.

“ಇರಲಿ ಬಿಡ್ರಿ ಭಾವಾರ. ಕಂಪ್ಯೂಟರಿನ್ಯಾಗ ಎಲ್ಲಾ ಐತಲ್ರಿ.”

ಉಳಿದ ನಕ್ಷೆ ಹೋದರೂ ಕಾಶಪ್ಪ ತಡೆದುಕೊಂಡಾನು. ಗಿಳಿಸೆರಗಿನ ಮಾತು ಬೇರೆ. ಅದನ್ನು ಅಪ್ಪ ಅವ್ವನಿಗೆಂದು ಬರೆದದ್ದು. ನಡುವೆ ಒಂದು ಗಿಡ. ಎಡಗಡೆ ಟೊಂಗೆಗಳಲ್ಲಿ ಕೂತು ತಿನ್ನುವ ಗಿಳಿಗಳು, ಬಲಗಡೆ ಎದ್ದು ಹಾರುವ ಗಿಳಿಗಳು. ಒಂದರಂತೆ ಇನ್ನೊಂದಿಲ್ಲ. ನೇಕಾರರು ಸಾಮಾನ್ಯವಾಗಿ ಅರ್ಧ ಬರೆದು ಅದನ್ನೇ ಹೊರಳಿಸಿ ಇನ್ನರ್ಧ ಮಾಡಿಕೊಳ್ಳುತ್ತಾರೆ, ಕೆಲಸ ಹಗುರಾಗುತ್ತದೆ. ಹಾಗೆ ಮಾಡೆಂದವರಿಗೆ ಅಪ್ಪ, “ಕುಂತ ಗಿಳಿ, ಹಾರೋ ಗಿಳಿ ಒಂದ ಆಗ್ತಾವೇನಲೇ?” ಎಂದು ನಕ್ಕಿದ್ದನಂತೆ. ಅವ್ವನನ್ನು ಮಣ್ಣು ಮಾಡುವಾಗ ಆ ಸೀರೆಯನ್ನೇ ಉಡಿಸಿ ಕಳಿಸಿದ್ದರು. ಕಣ್ಣು ಮಂಜಾಗುವ ಮೊದಲು ತನ್ನ ಕೈಯಿಂದ ಅದನ್ನು ಒಮ್ಮೆ ನೇಯಬೇಕೆಂಬುದು ಕಾಶಪ್ಪನ ಆಸೆ. ನಾಗಲಿಂಗನ ಆಸೆಯೂ ಅದೇ ಎಂಬುದು ಅವನಿಗೆ ಗೊತ್ತಿತ್ತು.

ಕಂಪ್ಯೂಟರ್ ರಿಪೇರಿಯ ಶಂಭು ದಾರಿಯನ್ನೇನೋ ತೋರಿಸಿದ್ದ. “ಅಂಥಾದ್ದ ಇನ್ನೊಂದು ಡಿಸ್ಕ ತರಸ್ರಿ. ನನ್ನ ಹತ್ರ ಒಂದು ಸಾಫ್ಟ್‌ವೇರ್ ಐತಿ. ಇದರಾಗ ಇದ್ದದ್ದು ಇದ್ದಂಗ ಅದರಾಗ ಇಳೀತೈತಿ. ಒಂದು ಚುಕ್ಕಿ ಹೆಚ್ಚಿಲ್ಲ, ಒಂದು ಚುಕ್ಕಿ ಕಡಿಮಿಲ್ಲ. ಇಬ್ಬರಿಗೂ ಪೂರಾ ಪೂರಾ.”

ಇಬ್ಬರಿಗೂ ಪೂರಾ ಸಿಗುವ ಪಾಲು ಆ ಮನೆಯಲ್ಲಿ ಅದೊಂದೇ ಆಗಿತ್ತು. ಆದರೂ ನಾಗಲಿಂಗ ಕೇಳಿದ: “ಹಂಗಾದ್ರ ಅಸಲ ಯಾರಿಗೆ? ನಕಲ ಯಾರಿಗೆ?”

ಎರಡೂ ಒಂದೇ ಎಂದು ಶಂಭು ಎಷ್ಟು ಹೇಳಿದರೂ ಆ ಪ್ರಶ್ನೆ ಮೇಜು ಬಿಟ್ಟು ಏಳಲಿಲ್ಲ. ಅಪ್ಪನ ಗೆಳೆಯ, ನೂಲಿಗೆ ಬಣ್ಣ ಹಾಕುವ ನಬಿಸಾಬ, ಪಂಚರಲ್ಲಿ ಹಿರಿಯ. ಆತನೇ ತೀರ್ಮಾನ ಕೊಟ್ಟ. ಪ್ರತಿ ಮಾಡಿದ ಮೇಲೆ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಇಡುವುದು, ತಮ್ಮ ಮೊದಲು ಒಂದನ್ನು ಎತ್ತಿಕೊಳ್ಳುವುದು. “ಹಿರ್ಯಾ ಪಾಲ ಹಾಕಬೇಕು, ಕಿರ್ಯಾ ಆರಸಬೇಕು. ಮೊದಲಿಂದ ಬಂದ ಪದ್ಧತಿ” ಎಂದ.

“ಗುರುತಿದ್ದದ್ದನ್ನ ಬಟ್ಟ್ಯಾಗ ಸುತ್ತಿ ಏನ ಮಾಡೂದು ಕಾಕಾ?” ಎಂದ ನಾಗಲಿಂಗ. “ಅಣ್ಣಗ ಗೊತ್ತ ಇರತೈತಿ.”

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಸಿಟ್ಟಿನಿಂದ ಆಡಿದ್ದರೆ ಕಾಶಪ್ಪ ಎರಡು ಬೈದು ಮರೆಯುತ್ತಿದ್ದ. ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಲೆಗೆ ಬಿಟ್ಟು ಬಂದವನಿಗೆ, ಅವನು ಇಷ್ಟು ತಣ್ಣಗೆ ತನ್ನನ್ನು ನಂಬದೆ ಇರಬಲ್ಲನೆಂಬುದು ಎದೆಗೆ ನಾಟಿತು. ಅದಕ್ಕೇ ಎಲ್ಲರೂ ಉಣ್ಣಲು ಎದ್ದಾಗ ತನಗೆ ಹಸಿವಿಲ್ಲವೆಂದು ಹೇಳಿ ಕೂತ. ಇನ್ನು ಗುರುತೇ ಇರಬಾರದು. ಆಮೇಲೆ ಯಾರು ಬೆರಳು ಮಾಡುತ್ತಾರೋ ಮಾಡಲಿ ಎಂದು ಚೀಟಿ ಕೆರೆದು ಹಾಕಿದ.

ಅಷ್ಟರಲ್ಲಿ ಗೋಡೆಯ ಹತ್ತಿರ ಫೋನ್ ರಿಂಗಾಯಿತು. ಹುನಗುಂದದ ಅಂಗಡಿಯವರೊಬ್ಬರು ಮದುವೆ ಸೀರೆ ಯಾವಾಗ ಕಳಿಸುತ್ತೀರೆಂದು ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳಿ, ಮನೆ ಪಾಲಾಗುವ ಸುದ್ದಿ ಮುಚ್ಚಿಟ್ಟು, ಕಾಶಪ್ಪ ತಿರುಗಿ ಬಂದು ಮೇಜಿನ ಈಚೆಯ ಕುರ್ಚಿಯಲ್ಲಿ ಕೂತ. ಡಿಸ್ಕುಗಳನ್ನು ನೋಡಿದ. ಎಡಕ್ಕಿರುವುದು ಹಳೆಯದು.

ಯಾವ ಎಡ? ಒರೆಸುವಾಗ ತಾನು ಕೂತದ್ದು ಈ ಕುರ್ಚಿಯಲ್ಲೋ, ಆಚೆ ಮಗ್ಗದ ಕಡೆಯ ಸ್ಟೂಲಿನ ಮೇಲೋ? ಎದ್ದು ಆಚೆಗೆ ಹೋಗಿ ನಿಂತು ನೋಡಿದ, ಈಚೆಗೆ ಬಂದು ನೋಡಿದ. ಎರಡೂ ಕಡೆಯಿಂದ ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಅಷ್ಟು ಚೆನ್ನಾಗಿ ಒರೆಸಿದ್ದ ಪುಣ್ಯಾತ್ಮ.

ಶಂಭು ಕೈ ಒರೆಸಿಕೊಳ್ಳುತ್ತ ಬಂದ. ಹಿಂದೆಯೇ ಎಲೆ ಅಡಿಕೆ ಮೆಲ್ಲುತ್ತ ಪಂಚರು, ಅವರ ಹಿಂದೆ ನಾಗಲಿಂಗ.

“ಲಗೂ ಮಾಡಬೇಕ್ರಿ, ಮಧ್ಯಾಹ್ನ ಕರೆಂಟ್ ತಗೀತಾರ” ಎಂದು ಸ್ಕ್ರೂ ಬಿಚ್ಚಿದ ಕಂಪ್ಯೂಟರಿನ ಮುಂದೆ ಕೂತ ಶಂಭು ಡಿಸ್ಕುಗಳನ್ನು ನೋಡಿ ತಡೆದ. “ಕಾಶಪ್ಪಣ್ಣಾರ, ಇದಕ್ಕ ಚೀಟಿ ಹಚ್ಚಿದ್ದೆನಲ್ರಿ?”

“ಉದುರಿರಬೇಕು.”

“ಯಾವದು ಹಳೇದ್ರಿ ಮತ್ತ?”

ಕಾಶಪ್ಪ ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ಶಂಭುವೇ ಮುಂದುವರಿಸಿದ: “ಹೊಸಾದಕ್ಕೂ ಅಂಗಡ್ಯಾಗ ವಿಂಡೋಸ್ ಹಾಕಿ ಟೆಸ್ಟ್ ಮಾಡೇನ್ರಿ. ಕಾಪಿ ಮಾಡೂ ಮುಂದ ಎರಡೂ ಒಂದ ಥರಾ ತೋರಸ್ತಾವ. ಒಂದನ್ನ ಹಚ್ಚಿ ಚಾಲೂ ಮಾಡಿ ನೋಡಿ ಬಿಡ್ತೇನಿ. ತಡಾ ಏನಿಲ್ಲ.”

ಅದಕ್ಕೆ ‘ಹೂಂ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಗಲಿಂಗ ಬಾಗಿಲ ಚೌಕಟ್ಟಿಗೆ ಒರಗಿ ಅಣ್ಣನ ಒದ್ದೆ ಧೋತರದ ಚುಂಗನ್ನು ನೋಡುತ್ತಿದ್ದ. ಯಾರೂ ಇಲ್ಲದಾಗ ಡಿಸ್ಕು ಮುಟ್ಟಿದ್ದೆ, ಚೀಟಿ ಕಿತ್ತಿದ್ದೆ, ಈಗ ಯಾವುದು ಯಾವುದೆಂದು ನನಗೇ ತಿಳಿಯದು ಎಂದು ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಹೇಳಿದರೆ ನಂಬುವವರು ಯಾರು?

“ನೋಡೂದೇನೈತೋ ಅದರಾಗ? ನಾ ಹೇಳಾಕತ್ತೇನಲ್ಲ” ಎಂದ ಕಾಶಪ್ಪ. “ಎಡಗಡೇದ ಹಳೇದು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿರಿಯರ ಮಾತಿಗೆ ಎದುರಾಡದ ಹುಡುಗ ಶಂಭು. ಎರಡನ್ನೂ ಜೋಡಿಸಿ ಸೀಡಿ ಹಾಕಿದ. ಯಾವುದರಿಂದ, ಯಾವುದಕ್ಕೆ ಎಂದು ಯಂತ್ರ ಕೇಳಿತು, ಅವನು ಒತ್ತಿದ. ಎರಡನೆಯದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು, ಅದಕ್ಕೂ ಒತ್ತಿದ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತುಂಬಲು ಹತ್ತಿತು.

ನಾಗಲಿಂಗ ಬಂದು ಅಣ್ಣನ ಪಕ್ಕದಲ್ಲಿ ಕೂತ. ಬಹಳ ದಿನಗಳ ಮೇಲೆ ಇಬ್ಬರ ಮೊಣಕಾಲು ತಾಗಿದವು.

“ಅಪ್ಪ ಇದ್ದಿದ್ರ ನಗತಿದ್ದ ನೋಡು” ಎಂದ ನಾಗಲಿಂಗ ಮೆಲ್ಲಗೆ. “ಅಂವಾ ಒಂದು ಗಿಳಿ ಬರಿಯಾಕ ಎರಡೆರಡು ದಿನ ಕುಂದ್ರತಿದ್ದ.”

ಕಾಶಪ್ಪ ಶಂಭುವಿನ ಕಡೆ ಬಾಗಿದ. “ಶಂಭೂ, ಇದನ್ನ ನಡುವ ನಿಲ್ಲಸಾಕ ಬರತೈತೇನು?”

“ನಡುವ ನಿಲ್ಲಸಬಾರದ್ರಿ. ಯಾಕ್ರಿ?”

“ಏನಿಲ್ಲ, ಕೇಳಿದೆ.”

ಕರೆಂಟ್ ತೆಗೆಯಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬಯಸಿದ. ದಿನವೂ ಹೇಳದೆ ಕೇಳದೆ ಹೋಗುತ್ತಿದ್ದ ಕರೆಂಟು ಅಂದು ಗಟ್ಟಿಯಾಗಿ ನಿಂತಿತ್ತು.

ಪಟ್ಟಿ ತುಂಬಿತು. ಶಂಭು ಒಂದು ಡಿಸ್ಕಿನಿಂದ ಕಂಪ್ಯೂಟರ್ ಚಾಲೂ ಮಾಡಿದ. ಹಸಿರು ಗುಡ್ಡ, ಮೇಲೆ ನೀಲಿ ಆಕಾಶ, ಬೇರೇನೂ ಇಲ್ಲ. ಇನ್ನೊಂದನ್ನು ಹಚ್ಚಿದ. ಅದೇ ಗುಡ್ಡ, ಅದೇ ಆಕಾಶ. ಶೀಲಾ ಒಳಗಿನಿಂದ ಬಂದು ಅವನನ್ನು ಏಳಿಸಿ ತಾನು ಕೂತಳು. ಒಂದೊಂದೇ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಅವಳ ಕೈ ನಿಂತಿತು.

“ಭಾವಾರ, ಎರಡರಾಗೂ ನಕ್ಷಿ ಇಲ್ರಿ. ಅಟ್ಟದ ಮ್ಯಾಲಿನ ಹಾಳಿನೂ ಇಲ್ರಿ” ಎಂದಳು.

ಶಂಭುವಿನ ಮುಖ ಬಿಳಿಚಿತ್ತು. “ತಪ್ಪು ನಂದ್ರಿ. ನಾ ಹಚ್ಚಿ ನೋಡಬೇಕಾಗಿತ್ತು” ಎಂದ. ಅವನ ತಪ್ಪಲ್ಲ ಎಂದು ಹೇಳಬೇಕಾಗಿದ್ದ ಒಬ್ಬನೇ ಮನುಷ್ಯ ನೆಲ ನೋಡುತ್ತ ಕೂತಿದ್ದ. ನಬಿಸಾಬ ಬಟ್ಟೆಯ ತುಂಡು ಕೈಯಲ್ಲಿ ಹಿಡಿದುಕೊಂಡೇ ಇದ್ದ. ನಾಗಲಿಂಗ ಅಣ್ಣನ ಕಡೆ ಒಮ್ಮೆ ನೋಡಿದ. ಬಯ್ಯುತ್ತಾನೆ, ಬೇಕೆಂದೇ ಮಾಡಿದೆ ಎನ್ನುತ್ತಾನೆ ಎಂದು ಕಾಶಪ್ಪ ಕಾದ.

“ಆತು ಬಿಡ್ರಿ” ಎಂದ ನಾಗಲಿಂಗ. “ಇಬ್ಬರಿಗೂ ಸಮಾ ಆತು.”

ಶಂಭು ಡಿಸ್ಕನ್ನು ಹುಬ್ಬಳ್ಳಿಗೆ ಒಯ್ದ. ಅಲ್ಲಿನವರು ಕೆಲವು ನಕ್ಷೆಗಳನ್ನು ಅರ್ಧಮರ್ಧ ಹೊರಗೆ ತೆಗೆದರು. ಅವುಗಳಲ್ಲಿ ಗಿಳಿ ಇರಲಿಲ್ಲ. ಊರಲ್ಲಿ ಶಂಭುವಿನ ಹೆಸರು ಕೆಟ್ಟಿತು, ಕಾಶಪ್ಪ ಆಗಲೂ ಬಾಯಿ ಬಿಡಲಿಲ್ಲ. ಪಡಸಾಲೆಯಲ್ಲಿ ಗೋಡೆ ಎದ್ದಿತು. ಗೋಡೆಯಾಚೆ ತಮ್ಮನ ಮಗ್ಗ ಬಡಿಯುವ ಸಪ್ಪಳ, ಈಚೆ ತನ್ನದು. ಕಾಶಪ್ಪ ಚೌಕಳಿ ಹಾಳೆ ತಂದು ಗಿಳಿ ಬರೆಯಲು ಕೂತ. ಹಾರುವ ಗಿಳಿಗಳು ಒಂದಿಷ್ಟು ನೆನಪಾದವು, ಆದರೆ ಕೈಗೆ ಬರಲಿಲ್ಲ. ಕೂತ ಗಿಳಿಗಳು ನೆನಪಿಗೇ ಬರಲಿಲ್ಲ. ನಾಗಲಿಂಗನಿಗೆ ನೆನಪಿರಬಹುದು. ಸಣ್ಣವನಿದ್ದಾಗ ಅವ್ವನ ಸೆರಗು ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದವನು ಅವನು. ಗೋಡೆ ಸುತ್ತಿ ಹೋಗಿ ಒಂದು ಮಾತು ಕೇಳಿದರೆ ಆಗುತ್ತಿತ್ತು. ಕೇಳಬೇಕಾದರೆ ಎಡಗಡೆಯ ಮಾತನ್ನೂ ಹೇಳಬೇಕಾಗುತ್ತಿತ್ತು. ಕಾಶಪ್ಪ ಹೋಗಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ಅವನಿಗೆ ತಟ್ಟನೆ ನೆನಪಾಯಿತು: ಅಪ್ಪ ಆ ಸೆರಗನ್ನು ಎರಡು ಸಲ ನೇಯ್ದಿದ್ದ. ಅವ್ವ ಹಟ ಹಿಡಿದು ತಂಗಿಗೂ ಒಂದು ಮಾಡಿಸಿದ್ದಳು. ಅವಳ ತಂಗಿ ಬಾಳವ್ವ ಇನ್ನೂ ಕಮತಗಿಯಲ್ಲಿ ಗಟ್ಟಿಯಾಗಿ ಇದ್ದಳು. ಕಾಶಪ್ಪ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ.

“ಆ ಸೀರಿ ಎಲ್ಲಿ ಉಳದೀತೋ ತಮ್ಮಾ” ಎಂದಳು ಬಾಳವ್ವ. “ಉಟ್ಟ ಉಟ್ಟ ಹರಿದು ಚಿಂದಿ ಆತು. ಆದ್ರ ಅಕ್ಕನ ನೆನಪಿರಲಿ ಅಂತ ಸೆರಗ ಒಂದ ತಗದು ಕೌದಿಗೆ ಹಾಕಿ ಹೊಲದಿದ್ದೆ. ಹೊದ್ದಕೊಳ್ಳಲಿಲ್ಲ, ಪೆಟ್ಟಿಗ್ಯಾಗ ಇಟ್ಟೇನಿ.”

ಕಾಶಪ್ಪನ ಎದೆ ಹಗುರಾಯಿತು. ಮುದುಕಿ ಒಳಗೆ ಹೋಗಿ ಕೌದಿ ತಂದು ಅವನ ತೊಡೆಯ ಮೇಲೆ ಹಾಸಿದಳು. ಬಣ್ಣ ಮಾಸಿದ್ದರೂ ನೇಯ್ಗೆ ಕೆಟ್ಟಿರಲಿಲ್ಲ. ಕೆಂಪು ರೇಷ್ಮೆಯ ಮೇಲೆ ಬಿಳಿ ಗಿಳಿಗಳು ಒಂದರ ಹಿಂದೆ ಒಂದು ಎದ್ದು ಹಾರುತ್ತಿದ್ದವು. ಅವನು ಬೆರಳಿನಿಂದ ಅವುಗಳ ಬೆನ್ನು ಹಿಡಿದುಕೊಂಡು ಗಿಡದ ತನಕ ಬಂದ. ಅಲ್ಲಿಗೆ ಕೌದಿ ಮುಗಿದಿತ್ತು.

“ಉಳದದ್ದು?”

“ಉಳದದ್ದು ನಾಗ್ಯಾ ಒಯ್ದ. ನಿನಗ ಹೇಳಿಲ್ಲೇನು? ಹೋದ ವಾರ ಬಂದಿದ್ದ. ಪೂರಾ ಒಯ್ಯೋ ಅಂದೆ. ಒಲ್ಲೆ ಚಿಗವ್ವ, ಅಣ್ಣನೂ ಇದನ್ನ ಹುಡುಕ್ಕೋತ ಬಂದ ಬರತಾನ, ಅವನ ಪಾಲ ಅವಗ ಇರಲಿ ಅಂದ. ಕತ್ರಿ ಇಸಕೊಂಡು ನಟ್ಟ ನಡುವ ಅಳತಿ ಹಿಡಿದು ಕತ್ತರಿಸಿದ. ಕೌದಿ ಕತ್ತರಸಬ್ಯಾಡೋ ಅಂದ್ರ ಕೇಳಲಿಲ್ಲ.”

ಅಳತೆಯಲ್ಲಿ ಮೋಸವಿರಲಿಲ್ಲ. ಗಿಡದ ಬೊಡ್ಡೆ ಸರಿಯಾಗಿ ಎರಡು ಸೀಳಾಗಿತ್ತು. ಬೊಡ್ಡೆಗೆ ಅಂಟಿಕೊಂಡು ಆಗಷ್ಟೇ ರೆಕ್ಕೆ ಬಿಚ್ಚುತ್ತಿದ್ದ ಗಿಳಿಯೊಂದರ ಮೇಲೆ ಕತ್ತರಿ ಹಾದು ಹೋಗಿತ್ತು. ಅದರ ಒಂದು ರೆಕ್ಕೆ ಇಲ್ಲಿತ್ತು, ಕೊಕ್ಕು ಕಣ್ಣು ಇಲ್ಲಿರಲಿಲ್ಲ.

“ಚಿಗವ್ವ, ಎಡಗಡೇದ ಹಳೇದು ಅಂತ ಹೇಳಿದಾಂವ ನಾನ” ಎಂದ ಕಾಶಪ್ಪ. “ನನಗ ಖರೇನ ಗೊತ್ತಿರಲಿಲ್ಲ.”

ಬಾಳವ್ವನಿಗೆ ಮಾತಿನ ತಲೆ ಬುಡ ತಿಳಿಯಲಿಲ್ಲ. ಆದರೆ ಅಕ್ಕನ ಮಗನ ದನಿ ಅವಳಿಗೆ ತಿಳಿಯಿತು. ಹತ್ತಿರ ಸರಿದು ಕೂತಳು.

“ಯಾವದೋ ಏನೋ. ಇದನ್ನ ನನಗ್ಯಾಕ ಹೇಳ್ತೀಪಾ? ಅವಗ ಹೇಳೀಯೇನು?”

ಕತ್ತರಿಸಿದ ಅಂಚಿನಲ್ಲಿ ರೇಷ್ಮೆಯ ಎಳೆಗಳು ಬಿಚ್ಚಿಕೊಂಡು ಜೋತಿದ್ದವು. ಕಾಶಪ್ಪ ಅವನ್ನು ಒಂದೊಂದಾಗಿ ಒಳಕ್ಕೆ ಸೇರಿಸತೊಡಗಿದ. ಒಂದನ್ನು ಸೇರಿಸಿದರೆ ಪಕ್ಕದ್ದು ಹೊರಗೆ ಬರುತ್ತಿತ್ತು.